ನಮ್ಮ ಬೋರ್ ನಮಗೆ, ಊರ ಕೆರೆ ಯಾರಿಗೆ?

ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮಂಡ್ಯ ಜಿಲ್ಲೆಯ ಊರೂರು ತಿರುಗುತ್ತೇನೆ. ಒಂದು ಗ್ರಾಮಸಭೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶಾಮಿಯಾನದ ಕೆಳಗೆ ಇನ್ನೂರು ಕುರ್ಚಿ. ಕೂತವರು ಮೂವತ್ತು ಜನ ಇರಬಹುದು. ಮನೆ ಮಂಜೂರಾದವರ ಲಿಸ್ಟ್ ಓದಿ ಮುಗಿದದ್ದೇ ತಡ, ಅವರಲ್ಲೂ ಅರ್ಧ ಜನ ಎದ್ದು ಹೋದರು. ರಸ್ತೆ ಬದಿ ಬೈಕ್ ಮೇಲೆ ಕೂತಿದ್ದ ರೈತರೊಬ್ಬರನ್ನು ಕರೆದೆ. "ಬನ್ನಿ, ಈಗ ಕೆರೆ ವಿಷಯ ಬರುತ್ತೆ."

"ನಮ್ಗೇನಾಗ್ಬೇಕು ಬುಡಿ ಸಾ. ನಮ್ದು ಬೋರ್ ಐತೆ."

ಒರಟು ಮಾತೇನಲ್ಲ ಅದು. ಸಾಲ ಮಾಡಿ ಕೊರೆಸಿದ ಬೋರ್. ನೀರಿಗಾಗಿ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ ಅನ್ನುವ ನೆಮ್ಮದಿ ಆ ದನಿಯಲ್ಲಿತ್ತು.

ಫ್ರಾನ್ಸಿನ ರಾಜಕೀಯ ಚಿಂತಕ ಅಲೆಕ್ಸಿ ದ ತೋಕ್ವಿಲ್ 1831ರಲ್ಲಿ ಅಮೆರಿಕಕ್ಕೆ ಹೋಗಿ ಸುತ್ತಾಡಿ ಬಂದು, ಇದೇ ಮನಸ್ಸಿನ ಬಗ್ಗೆ ಬರೆದರು. ಸ್ವಾರ್ಥ ಬೇರೆ, ಇದು ಬೇರೆ ಎಂದರು. ಯಾರಿಗೂ ಕೇಡು ಬಯಸದೆ, ಮನೆಮಂದಿ ಮತ್ತು ನಾಲ್ಕು ಸ್ನೇಹಿತರು ಸಾಕು ಅಂತ ಮನುಷ್ಯ ಪಕ್ಕಕ್ಕೆ ಸರಿಯುತ್ತಾನೆ. ಊರಿನ ಉಸಾಬರಿ ಊರಿಗೆ ಬಿಡುತ್ತಾನೆ. ಎಲ್ಲರೂ ಹೀಗೆ ಸರಿದಾಗ ತೀರ್ಮಾನ ಮಾಡುವವರು ಕೆಲವರೇ ಉಳಿಯುತ್ತಾರೆ. ಆವತ್ತೂ ಹಾಗೇ ಆಯ್ತು. ಕೆರೆಯ ಹೂಳೆತ್ತುವ ಕೆಲಸ ಕೈಬಿಟ್ಟು ಆ ಹಣವನ್ನು ಇನ್ನೊಂದು ಕಾಂಕ್ರೀಟ್ ರಸ್ತೆಗೆ ಹಾಕಿದರು. ಯಾಕೆ ಅಂತ ಕೇಳುವವರಿರಲಿಲ್ಲ.

ಆ ಕೆರೆಗೆ ಹಿಂದೆ ನೀರುಗಂಟಿ ಇದ್ದರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಅನ್ನುವುದು ಎಲ್ಲ ಅವರ ಹೊಣೆ. ಸುಗ್ಗಿಯಲ್ಲಿ ಗದ್ದೆಯವರೆಲ್ಲ ಅವರಿಗೆ ಭತ್ತ ಅಳೆಯುತ್ತಿದ್ದರು. ಕಾಲುವೆ ಹೂಳನ್ನು ಅಚ್ಚುಕಟ್ಟಿನವರೇ ಸೇರಿ ತೆಗೆಯುತ್ತಿದ್ದರು. ಬೋರ್ ಬಂದ ಮೇಲೆ ಒಬ್ಬೊಬ್ಬರೇ ಕೆರೆ ಕಡೆ ಬರುವುದು ಬಿಟ್ಟರು. ಮೊದಲು ಬಿಟ್ಟವರು ಕೈಯಲ್ಲಿ ಕಾಸಿದ್ದವರು. ಪಂಚಾಯಿತಿಯಲ್ಲಿ ಗಟ್ಟಿಯಾಗಿ ಕೇಳಬಲ್ಲವರೂ ಅವರೇ. ನಷ್ಟ ಆಗಿದ್ದು ಅಲ್ಲೇ ಅನ್ನಿಸುತ್ತದೆ ನನಗೆ. ಕೆರೆಗೆ ನೀರು ತರುವ ಹಳ್ಳ ಮುಚ್ಚಿತು. ತೂಬಿನ ಬಾಯಿಗೆ ಹೂಳು ಕೂತಿತು. ಕೆರೆಯಲ್ಲಿ ಇಂಗಿದ ನೀರೇ ಬೋರಿಗೂ ಬರಬೇಕು ಅಲ್ವಾ? ಕೆರೆ ಒಣಗಿತು, ಬೋರ್‌ಗಳೂ ಒಂದೊಂದಾಗಿ ನಿಂತವು. ಬೈಕ್ ಮೇಲೆ ಕೂತಿದ್ದವರದ್ದೂ ನಿಂತಿತು.

ಹಾಗಂತ ಹಳೇ ಊರೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಎಷ್ಟೋ ಕಡೆ ನೀರುಗಂಟಿಗಳು ದಲಿತರು. ಊರ ಗದ್ದೆಗೆಲ್ಲ ನೀರು ಹಂಚಿದ ಕೈ ಊರ ಬಾವಿ ಮುಟ್ಟುವಂತಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡಿದ್ದಕ್ಕೆ ಸಂತೋಷಪಟ್ಟರು. ಅದು ಸರಿಯಾದ ಮಾತು. ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಒಬ್ಬ ವ್ಯಕ್ತಿಗೆ ಸಿಕ್ಕ ಆ ಹಕ್ಕು ಗಟ್ಟಿಯಾಗಬೇಕಾದರೆ ಆತ ಸಭೆಗೆ ಬಂದು ಕೂರಬೇಕು. ಕೇರಿಯ ಹೆಣ್ಣುಮಗಳು ಊರ ಯಜಮಾನರ ಪಕ್ಕದ ಕುರ್ಚಿಯಲ್ಲಿ ಕೂತು ಲೆಕ್ಕ ಕೇಳಲು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯಲ್ಲಿ ಜಾಗ ಕೊಟ್ಟಿದೆ. ಆರು ತಿಂಗಳಿಗೆ ಒಂದು ಸಭೆಯಾದರೂ ನಡೆಯಲೇಬೇಕು.

ಈಗ ತರಬೇತಿಯಲ್ಲಿ ನಾನು ಹೇಳುವುದು ಇಷ್ಟು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟು ಜನ ಬರಲಿಲ್ಲ ಅನ್ನಬೇಡಿ, ಆಗ ಎಲ್ಲರೂ ಹೊಲದಲ್ಲಿರುತ್ತಾರೆ. ಮೊದಲು ವಾರ್ಡ್ ಸಭೆ ಮಾಡಿ. ಅದನ್ನು ಡೇರಿ ಮುಂದೆ, ಸಂಜೆ ಹಾಲು ಹಾಕುವ ಹೊತ್ತಿಗೆ ಮಾಡಿ. ಬೋರ್ ಇದ್ದವರೂ ಇಲ್ಲದವರೂ ದಿನಕ್ಕೆ ಎರಡು ಸಲ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಅದು.

ಕಳೆದ ಸಲ ಒಂದು ಊರಲ್ಲಿ ಹಾಗೇ ಮಾಡಿದೆವು. ಖಾಲಿ ಕ್ಯಾನ್ ಪಕ್ಕಕ್ಕಿಟ್ಟು ಜಗಲಿ ಮೇಲೆ ಕೂತ ಅಜ್ಜಿಯೊಬ್ಬರು, "ತೂಬ್ನ ಹೂಳು ತೆಗ್ದು ಎಷ್ಟೊರ್ಸ ಆಯ್ತು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹುಡುಗರು ಮೊಬೈಲ್ ಟಾರ್ಚ್ ಹಾಕಿಕೊಂಡು ಕೆರೆ ಏರಿಗೆ ಹೋಗಿ ನೋಡಿ ಬಂದರು. ಅಜ್ಜಿಯ ಪ್ರಶ್ನೆಯನ್ನು ಅವರ ಮಾತಿನಲ್ಲೇ ನಡಾವಳಿ ಪುಸ್ತಕಕ್ಕೆ ಬರೆಸಿದೆವು. ಅದರ ಕೆಳಗೆ ಅರವತ್ತೊಂದು ಸಹಿ, ಹೆಬ್ಬೆಟ್ಟು.