ಮೂತಿ ಎತ್ತಿದ ಟ್ರೇಲರ್, ಏದುಸಿರು ಬಿಡುವ ಹಿಂದಿನ ಆಕ್ಸಲ್

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹೈವೇಗಳಲ್ಲಿ ಇದು ಮಾಮೂಲು. ಮುಂದೆ ಒಂದು ಪಿಕಪ್, ಅದರ ತೊಟ್ಟಿಯ ಮೇಲೆ ಮೂತಿ ಊರಿಕೊಂಡು ಬರುವ ಮನೆಯಂಥ ಟ್ರೇಲರ್. ಒಳಗೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲಾ ಇರುತ್ತದೆ. ಇದೇ ಫಿಫ್ತ್ ವೀಲ್ ಟ್ರೇಲರ್. ಜೋಡಣೆ ನಮ್ಮ ತುಮಕೂರು ರಸ್ತೆಯಲ್ಲಿ ಓಡಾಡುವ ಕಂಟೇನರ್ ಲಾರಿಗಳ ಥರಾನೇ. ಟ್ರೇಲರ್‌ನ ಮೂತಿಯ ಕೆಳಗೆ 2 ಇಂಚು ದಪ್ಪದ ಉಕ್ಕಿನ ಕಿಂಗ್‌ಪಿನ್ ಇರುತ್ತದೆ. ಅದನ್ನು ಕಚ್ಚಿ ಹಿಡಿಯುವ ಹಿಚ್ ಪಿಕಪ್‌ನ ತೊಟ್ಟಿಯಲ್ಲಿ, ಹಿಂದಿನ ಆಕ್ಸಲ್‌ನ ನೇರಕ್ಕೆ ಅಥವಾ ಅದಕ್ಕಿಂತ ಚೂರು ಮುಂದೆ ಕೂತಿರುತ್ತದೆ.

ಟ್ರೇಲರ್ ನೆಲಕ್ಕೆ ಸಮವಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಬರುವುದು ಕಡಿಮೆ. ಪಿಕಪ್ ಎತ್ತರವಾಗಿ ಟ್ರೇಲರ್‌ನ ಮೂತಿ ಎದ್ದರೆ ಭಾರವೆಲ್ಲ ಹಿಂದಕ್ಕೆ ಜಾರುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿಯೇ ನೋಡೋಣ.

ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮುಂದಕ್ಕೆ ಸ್ವಲ್ಪ ಜಾಸ್ತಿ ಭಾರ ಬಿಡುತ್ತಾರೆ, ಇಲ್ಲದಿದ್ದರೆ ನೊಗ ಮೇಲೇಳುತ್ತದೆ. ಇಲ್ಲೂ ಹಾಗೇ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಕಿಂಗ್‌ಪಿನ್ ಮೇಲೆ ಬೀಳಬೇಕು. 5,400 ಕೆ.ಜಿ. ಟ್ರೇಲರ್, ಶೇಕಡಾ 20 ಅಂತ ಹಿಡಿದರೆ ಪಿನ್ ಮೇಲೆ 1,080 ಕೆ.ಜಿ. ಉಳಿದ 4,320 ಕೆ.ಜಿ. ಟ್ರೇಲರ್‌ನ ಎರಡು ಆಕ್ಸಲ್‌ಗಳಿಗೆ, ಒಂದೊಂದಕ್ಕೆ 2,160. ಪಿನ್ನಿಂದ ಆಕ್ಸಲ್‌ಗಳ ನಡುವಿನವರೆಗೆ 20 ಅಡಿ ಇದೆ, ಮೂತಿ 4 ಇಂಚು ಮೇಲೆದ್ದಿದೆ ಅಂದುಕೊಳ್ಳಿ. ಅಂದರೆ 60 ಇಂಚಿಗೆ 1 ಇಂಚು ಓರೆ. ಇಷ್ಟು ಓರೆಗೆ ಪಿನ್ ಮೇಲಿನ ಭಾರ ಕಡಿಮೆಯಾಗುವುದು ಬರೀ ಹತ್ತಿಪ್ಪತ್ತು ಕೆ.ಜಿ. ಅದು ಲೆಕ್ಕಕ್ಕೇ ಇಲ್ಲ.

ಏಟು ಬೀಳುವುದು ಬೇರೆ ಕಡೆ. ಎರಡು ಆಕ್ಸಲ್‌ಗಳ ನಡುವೆ ಸುಮಾರು 34 ಇಂಚು ಅಂತರ ಇರುತ್ತದೆ. ಅದೇ ಓರೆಗೆ ಮುಂದಿನ ಆಕ್ಸಲ್‌ನ ಜಾಗದಲ್ಲಿ ಚಾಸಿ ಸುಮಾರು ಕಾಲು ಇಂಚು ಮೇಲೇಳುತ್ತದೆ, ಹಿಂದಿನದರ ಜಾಗದಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಕಾಲು ಇಂಚು ಯಾವ ದೊಡ್ಡ ಮಾತು ಅನ್ನಿಸಬಹುದು. ಆದರೆ ಸ್ಪ್ರಿಂಗ್ ಬದಲು ಒಳಗಿನ ರಬ್ಬರೇ ಭಾರ ತಡೆಯುವ ಟಾರ್ಷನ್ ಆಕ್ಸಲ್ ಪೂರ್ತಿ ಭಾರಕ್ಕೆ 2 ಇಂಚು ಕುಗ್ಗುತ್ತದೆ ಅಂತ ಇಟ್ಟುಕೊಂಡರೆ, ಆ ಕಾಲು ಇಂಚು ಅಂದರೆ ಹತ್ತಿರ ಹತ್ತಿರ 300 ಕೆ.ಜಿ.! ಮುಂದಿನದಕ್ಕೆ 1,860, ಹಿಂದಿನದಕ್ಕೆ 2,460. ಆ ಆಕ್ಸಲ್ ತಡೆಯುವುದೇ 2,350 ಕೆ.ಜಿ. ಆಗಿದ್ದರೆ? ಒಟ್ಟು ತೂಕ ಮಿತಿಯೊಳಗೇ ಇದೆ, ಆದರೂ ಹಿಂದಿನ ಆಕ್ಸಲ್ ಓವರ್‌ಲೋಡ್. ಬ್ರೇಕ್ ಒತ್ತಿದರೆ ಭಾರ ಕಡಿಮೆ ಇರುವ ಮುಂದಿನ ಚಕ್ರಗಳು ಬೇಗ ಲಾಕ್ ಆಗುತ್ತವೆ.

ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದ್ದರೆ ಇಷ್ಟು ಕೆಡುವುದಿಲ್ಲ. ಎರಡೂ ಸ್ಪ್ರಿಂಗ್‌ಗಳ ನಡುವೆ ಈಕ್ವಲೈಸರ್ ಅಂತ ಒಂದು ತುಂಡು ಕಬ್ಬಿಣ ಮಕ್ಕಳಾಡುವ ಸೀಸಾ ಹಲಗೆಯ ಹಾಗೆ ಓಲಾಡುತ್ತಾ ಭಾರ ಹಂಚುತ್ತದೆ. ಅದಕ್ಕೂ ಓಲಾಡಲು ಒಂದು ಮಿತಿ ಇದೆ. ಓರೆಗೇ ಅರ್ಧ ಖರ್ಚಾಗಿದ್ದರೆ ರಸ್ತೆಯ ಗುಂಡಿಗೆ ಏನು ಉಳಿಯುತ್ತೆ?

ಇನ್ನು ಪಿಕಪ್ ಕಡೆ ಬರೋಣ. ಜಾಹೀರಾತಿನಲ್ಲಿ ಇಷ್ಟು ಸಾವಿರ ಕೆ.ಜಿ. ಎಳೆಯುತ್ತೆ ಅಂತ ದೊಡ್ಡದಾಗಿ ಹಾಕಿರುತ್ತಾರೆ. ನೀವು ಓದಬೇಕಾದ್ದು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯನ್ನು. ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಅರ್ಧ ಟನ್ ಅಂತ ಕರೆಯುವ ಹಗುರ ವರ್ಗದ ಎಷ್ಟೋ ಗಾಡಿಗಳಲ್ಲಿ, ಉದಾಹರಣೆಗೆ ಫೋರ್ಡ್ ಕಂಪನಿಯ ಎಫ್-150 ನಾಲ್ಕು ಬಾಗಿಲಿನ ಮಾದರಿಗಳಲ್ಲಿ, ಅದು ಅನೇಕ ಸಲ 700-800 ಕೆ.ಜಿ. ಆಸುಪಾಸು. ನಮ್ಮ ಪಿನ್ನಿನ ಭಾರವೇ 1,080! ಅದರ ಮೇಲೆ ಹಿಚ್‌ನ ತೂಕ, ಹೆಂಡತಿ ಮಕ್ಕಳು, ನಾಯಿ. ಹಾಗಾಗಿ ಇನ್ನೂ ದೊಡ್ಡ ಎಫ್-250, ಎಫ್-350 ಥರದ ಗಾಡಿಯೇ ಬೇಕು. ಹಿಂಭಾಗ ಕುಸಿಯದಂತೆ ಗಾಳಿ ಚೀಲ ಹಾಕಿಸಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ ನಿಜ, ಆ ಚೀಟಿಯ ಅಂಕಿ ಒಂದು ಕೆ.ಜಿ.ಯೂ ಏರುವುದಿಲ್ಲ.

ಆದರೆ ಈ ದೊಡ್ಡ ಪಿಕಪ್‌ಗಳು, ಅದರಲ್ಲೂ ನಾಲ್ಕೂ ಚಕ್ರ ಎಳೆಯುವವು, ತುಂಬಾ ಎತ್ತರ. ಹಿಚ್ ತಗ್ಗಿಸಿದರೆ ಟ್ರೇಲರ್ ಸಮವಾಗುತ್ತೆ ಅಲ್ವಾ? ಆಗ ಟ್ರೇಲರ್‌ನ ಹೊಟ್ಟೆ ತೊಟ್ಟಿಯ ಅಂಚಿಗೆ ತಾಗುವಷ್ಟು ಹತ್ತಿರ ಬರುತ್ತದೆ. ನಡುವೆ ಐದೂವರೆಯಿಂದ ಆರು ಇಂಚು ಬೇಕೇ ಬೇಕು. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಓರೆಯಾಗಿ ತಿರುಗಿದಾಗ ಟ್ರೇಲರ್ ಒಂದು ಕಡೆ ವಾಲಿ ತೊಟ್ಟಿಯ ತಗಡು ಅಪ್ಪಚ್ಚಿಯಾಗುವುದು ಈ ಜಾಗ ಸಾಲದೆ ಹೋದಾಗಲೇ. ನನ್ನನ್ನು ಕೇಳಿದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಮೊದಲು ಅಂತರ ಕಾಪಾಡಿ, ಆಮೇಲೆ ಟ್ರೇಲರ್ ಅನ್ನೇ ಎತ್ತರಿಸಿ. ಲೀಫ್ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ಅದನ್ನು ಮೇಲಕ್ಕೆ ಕೂರಿಸಿಕೊಡುತ್ತಾರೆ, ನಾಲ್ಕೈದು ಇಂಚು ಸಿಗುತ್ತದೆ. ಛಾವಣಿಯ ಮೇಲಿನ ಎ.ಸಿ.ಯೂ ಅಷ್ಟೇ ಮೇಲೇರುತ್ತದೆ ಅನ್ನುವುದು ನೆನಪಿರಲಿ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಎತ್ತರದ ಮಿತಿ 13 ಅಡಿ 6 ಇಂಚು.

ಅಳೆಯುವುದು ಕಷ್ಟವಲ್ಲ. ಸಮತಟ್ಟು ಜಾಗದಲ್ಲಿ ಟ್ರೇಲರ್ ಒಂದನ್ನೇ ನಿಲ್ಲಿಸಿ, ಚಾಸಿಯ ಹಿಂದೆ ಮುಂದೆ ಟೇಪ್ ಹಿಡಿದು ಸಮ ಮಾಡಿ, ಪಿನ್ ಇರುವ ತಟ್ಟೆ ನೆಲದಿಂದ ಎಷ್ಟು ಎತ್ತರ ಅಂತ ಬರೆದುಕೊಳ್ಳಿ. ಹಿಚ್‌ನ ತಟ್ಟೆ ಭಾರ ಬಿದ್ದ ಮೇಲೆ ಅಷ್ಟೇ ಎತ್ತರದಲ್ಲಿ ನಿಲ್ಲಬೇಕು. ಖಾಲಿ ಪಿಕಪ್ ಅಳೆದು ಮೋಸ ಹೋಗಬೇಡಿ, ಭಾರಕ್ಕೆ ಹಿಂಭಾಗ ಎರಡು ಮೂರು ಇಂಚು ಕೂರುವುದು ಸಹಜ. ಟ್ರಕ್ ನಿಲ್ದಾಣದ ತೂಕದ ಕಟ್ಟೆಯಲ್ಲಿ ಟ್ರೇಲರ್‌ನ ಎರಡೂ ಆಕ್ಸಲ್ ಸಾಮಾನ್ಯವಾಗಿ ಒಂದೇ ಹಾಸಿನ ಮೇಲೆ ನಿಲ್ಲುವುದರಿಂದ ತೂಕದ ರಸೀದಿಯಲ್ಲಿ ಬರುವುದು ಎರಡರ ಮೊತ್ತ ಮಾತ್ರ. ಹಿಂದಿನ ಆಕ್ಸಲ್‌ನ ಪಾಡು ತಿಳಿಯಬೇಕಾದರೆ ಚಕ್ರ ಚಕ್ರಕ್ಕೂ ಬೇರೆ ತೂಕ ಹಾಕಿಸಬೇಕು.