ಬಿಸಿಲಿಗೆ ಹಾಲು ಇಳಿದಿದೆ, ಹಿಂಡಿ ಜಾಸ್ತಿ ಮಾಡಲೇ?

ಪ್ರಶ್ನೆ: ಬಿಸಿಲು ಏರಿದ ಮೇಲೆ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸು ಹಾಲು ಇಳಿಸಿದೆ. ಹಿಂಡಿ ಜಾಸ್ತಿ ಹಾಕಿದರೂ ಏರುತ್ತಿಲ್ಲ. ಏನು ಮಾಡಬೇಕು?

ಮೊದಲು ಆ ಹೆಚ್ಚುವರಿ ಹಿಂಡಿ ನಿಲ್ಲಿಸಿ. ಹಸುವಿನ ಮೈಯಲ್ಲಿ ಶಾಖ ಸಿಕ್ಕಿಕೊಂಡಿದೆ. ಅದು ಇಳಿಯದೆ ಹಾಲು ಏರುವುದಿಲ್ಲ.

ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಶಾಖ ಹುಟ್ಟುತ್ತದೆ. ಹಾಲು ತಯಾರಾಗುವಾಗ ಇನ್ನಷ್ಟು. ಹಾಗಾಗಿ ಜಾಸ್ತಿ ಹಾಲು ಕೊಡುವ ಹಸುವಿಗೇ ಸೆಕೆ ಜಾಸ್ತಿ. ಎಚ್‌ಎಫ್ ತಂಪು ನಾಡಿನ ತಳಿ, ಸುಮಾರು 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಹಿಣಿಲಿರುವ ತಳಿಗಳು ಚೆನ್ನಾಗಿ ಬೆವರುತ್ತವೆ, ಕೂದಲೂ ಗಿಡ್ಡ. ಅವು ತಡೆದುಕೊಳ್ಳುತ್ತವೆ.

ಮಧ್ಯಾಹ್ನ ಹಸುವಿನ ಪಕ್ಕೆ ನೋಡಿ, ಉಸಿರು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಅದು ಬಳಲುತ್ತಿದೆ ಅಂತಲೇ ಅರ್ಥ. ಮಲಗದೆ ನಿಂತೇ ಇರುತ್ತದೆ, ಮೈಗೆ ಗಾಳಿ ತಾಗಲಿ ಅಂತ. ಬಾಯಿ ತೆರೆದು ಜೊಲ್ಲು ಸುರಿಸತೊಡಗಿದರೆ ಪರಿಸ್ಥಿತಿ ಕೆಟ್ಟಿದೆ. ಹೊಟ್ಟೆಯ ಹುಳಿಯನ್ನು ಹದದಲ್ಲಿಡುವುದು ಇದೇ ಜೊಲ್ಲು. ಅದು ನೆಲಕ್ಕೆ ಸುರಿದು ಹೋಗುವ ಹೊತ್ತಲ್ಲೇ ನಾವು ಹಿಂಡಿ ಸುರಿದರೆ ಹುಳಿ ಏರುತ್ತದೆ, ಮೆಲುಕು ಕಮ್ಮಿಯಾಗುತ್ತದೆ, ಹಾಲಿನ ಕೊಬ್ಬೂ ಇಳಿಯುತ್ತದೆ. ಪಾಪ, ಅದಕ್ಕೆ ಎರಡು ಕಡೆಯಿಂದ ಪೆಟ್ಟು.

ಎಲ್ಲಕ್ಕಿಂತ ಮೊದಲು ನೆರಳು ಮತ್ತು ನೀರು. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಅಲ್ವಾ? ಹೆಚ್ಚು ಹಾಲಿನ ಹಸು ಬಿಸಿಲ ದಿನ 100 ಲೀಟರ್ ದಾಟಿ ಕುಡಿಯಬಹುದು. ತೊಟ್ಟಿ ನೆರಳಲ್ಲಿರಲಿ, ಹಗಲು ರಾತ್ರಿ ತುಂಬಿರಲಿ. ಬಿಸಿ ನೀರು ಕುಡಿ ಅಂದರೆ ಯಾವ ಹಸು ಕುಡಿಯುತ್ತದೆ?

ಮೇವಿನ ಹೆಚ್ಚು ಪಾಲನ್ನು ಸಂಜೆ ಬಿಸಿಲು ಇಳಿದ ಮೇಲೆ ಮತ್ತು ನಸುಕಿನಲ್ಲಿ ಹಾಕಿ. ಎಳೆಯ ಹಸಿ ಮೇವು ಒಳ್ಳೆಯದು, ಬಲಿತ ಒಣ ಹುಲ್ಲಿಗಿಂತ ಕಡಿಮೆ ಶಾಖ ಹುಟ್ಟಿಸುತ್ತದೆ. ಹಾಗಂತ ನಾರು ಪೂರ್ತಿ ಬಿಡಿಸಬೇಡಿ.

ಮೈಗೆ ನೀರು ಹಾಕುವುದಾದರೆ ಜೊತೆಗೆ ಫ್ಯಾನ್ ಇರಲಿ, ಇಲ್ಲವೇ ಗಾಳಿ ಆಡುವ ಜಾಗವಿರಲಿ. ತಂಪು ಮಾಡುವುದು ನೀರು ಆರುವ ಕೆಲಸ. ಗಾಳಿಯಾಡದ ಕೊಟ್ಟಿಗೆಯಲ್ಲಿ ಸುಮ್ನೆ ನೀರು ಚಿಮುಕಿಸಿದರೆ ಒಳಗೆ ಧಗೆ ಇನ್ನೂ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಹಾಲು ಮರುದಿನವೇ ಏರುವುದಿಲ್ಲ, ಕೆಲವು ದಿನ ಕಾಯಿರಿ. ಇನ್ನೊಂದು ಮಾತು: ಈ ಸಮಯದಲ್ಲಿ ಬೆದೆ ಮಂಕಾಗಿರುತ್ತದೆ, ಹಗಲಲ್ಲಿ ಕಾಣದೇ ಹೋಗಬಹುದು. ರಾತ್ರಿ ಮತ್ತು ನಸುಕಿನಲ್ಲಿ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ.