ಐಡೆಂಪೊಟೆಂಟ್: ಎರರ್ ಬರಲಿಲ್ಲ ಅಂದರೆ ಸಾಕಾ?

"ಸರ್, ಸ್ಕ್ರಿಪ್ಟ್ ಐಡೆಂಪೊಟೆಂಟ್ ಉಂಟು. ಎರಡು ಸಲ ಓಡಿಸಿ ನೋಡಿದೆ, ಎರರ್ ಬರಲಿಲ್ಲ."

ಮಂಗಳೂರು ಬಿಜೈಯ ನಮ್ಮ ಆಫೀಸಿನಲ್ಲಿ ಈ ಮಾತು ಕೇಳಿದ್ದು ಈ ತಿಂಗಳಲ್ಲಿ ಮೂರನೇ ಸಲ. ಐಡೆಂಪೊಟೆಂಟ್ ಅಂದರೆ ಒಂದು ಸಲ ಮಾಡಿದರೂ ಹತ್ತು ಸಲ ಮಾಡಿದರೂ ಫಲ ಒಂದೇ ಇರುವಂಥದ್ದು. ಈ ಸಲ ಹೇಳಿದವನು ನಮ್ಮ ಟೀಮಿನ ಹುಡುಗ. ಅವನ ಸ್ಕ್ರಿಪ್ಟ್ ತೆರೆದು ನೋಡಿದೆ. ಸರ್ವರ್‌ನ ಹೋಸ್ಟ್ಸ್ ಫೈಲಿನ (ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡುವ ಫೈಲು) ಕೊನೆಗೆ ಒಂದು ಸಾಲು ಸೇರಿಸುವುದು ಅದರ ಕೆಲಸ. ಎರಡು ಸಲ ಓಡಿಸಿದ್ದಕ್ಕೆ ಒಂದೇ ಸಾಲು ಎರಡು ಸಲ ಬಂದು ಕೂತಿತ್ತು. ಎರರ್ ಎಲ್ಲಿಂದ ಬರಬೇಕು ಮಾರಾಯ? ಸೇರಿಸು ಅಂದೆ, ಸೇರಿಸಿತು. ನೂರು ಸಲ ಅಂದರೆ ನೂರು ಸಲ ಸೇರಿಸುತ್ತದೆ.

ಪದ ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಲ್ಯಾಟಿನ್‌ನಲ್ಲಿ 'ಐಡೆಮ್' ಅಂದರೆ 'ಅದೇ'. ಕುತ್ತಿಗೆಗೆ ನೇತುಹಾಕಿಕೊಂಡು ಬರುವ ಐಡಿ ಕಾರ್ಡ್ ಇದೆಯಲ್ಲ, ಆ ಐಡೆಂಟಿಟಿಯ ಬೇರೂ ಇದೇ: ನಿನ್ನೆ ಬಂದವನೇ ಇವತ್ತೂ ಬಂದಿದ್ದಾನೆ ಅನ್ನುವುದಕ್ಕೆ ಗುರುತು. 'ಪೊಟೆನ್ಸ್' ಅಂದರೆ ಶಕ್ತಿ ಉಳ್ಳದ್ದು. ಇಲ್ಲಿ ಕೆಲವರು ಮುಸಿಮುಸಿ ನಗುತ್ತಾರೆ, ನಗಲಿ. ಈ ಶಕ್ತಿ ತೋಳಿನದ್ದಲ್ಲ, ಗಣಿತದ್ದು. ಶಾಲೆಯಲ್ಲಿ ಘಾತ ಅಂತ ಕಲಿತದ್ದು ನೆನಪಿದೆಯಾ, ಎರಡರ ಘಾತ ಮೂರು ಎಂಟು ಅಂತ? ಅದು. ಹಾರ್ವರ್ಡ್‌ನ ಗಣಿತಜ್ಞ ಬೆಂಜಮಿನ್ ಪರ್ಸ್ 1870ರಲ್ಲಿ ಬೀಜಗಣಿತದ ಕೆಲಸಕ್ಕಾಗಿ ಈ ಪದ ಕಟ್ಟಿದರು. ತನ್ನಿಂದ ತನ್ನನ್ನೇ ಗುಣಿಸಿದರೂ ಅದೇ ಆಗಿ ಉಳಿಯುವುದು ಐಡೆಂಪೊಟೆಂಟ್. ಗುಣಿಸುತ್ತಾ ಹೋದರೆ ಒಂದು ಹಂತದಲ್ಲಿ ಸೊನ್ನೆ ಆಗಿಬಿಡುವುದು ನಿಲ್‌ಪೊಟೆಂಟ್, ಅದೂ ಅವರದ್ದೇ ಪದ. ನಮ್ಮ ಮಾಮೂಲಿ ಸಂಖ್ಯೆಗಳಲ್ಲಿ ಐಡೆಂಪೊಟೆಂಟ್ ಆಗಿರುವುದು ಎರಡೇ, 0 ಮತ್ತು 1. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕಾಗುತ್ತದೆ, ನಮ್ಮ ಹುಡುಗನ ಹೋಸ್ಟ್ಸ್ ಫೈಲಿನ ಹಾಗೆ ಬೆಳೆಯುತ್ತದೆ.

ಇದರಲ್ಲಿ ಎರರ್ ಅನ್ನುವ ಮಾತು ಎಲ್ಲೂ ಇಲ್ಲ, ಗಮನಿಸಿ. ಕೆಲಸ ಒಂದು ಸಲ ಮಾಡಿದ ಮೇಲೆ ಲೋಕ ಹೇಗಿತ್ತೋ, ಹತ್ತು ಸಲ ಮಾಡಿದ ಮೇಲೂ ಹಾಗೇ ಇರಬೇಕು. ಅಷ್ಟೇ. ಎರರ್ ಬಾರದೆಯೂ ಐಡೆಂಪೊಟೆಂಟ್ ಅಲ್ಲದೇ ಇರಬಹುದು, ಮೇಲೆ ನೋಡಿದೆವು. ಉಲ್ಟಾ ಕೂಡ ನಿಜ. ಎಚ್‌ಟಿಟಿಪಿಯ ಡಿಲೀಟ್ (ವೆಬ್ ಸರ್ವರಿಗೆ 'ಇದನ್ನು ಅಳಿಸು' ಅಂತ ಕಳಿಸುವ ಕೋರಿಕೆ) ತೆಗೆದುಕೊಳ್ಳಿ. ಮೊದಲ ಸಲ ಅಳಿಸಿತು. ಎರಡನೇ ಸಲ 404 ಬಂತು, ಅಂಥದ್ದು ಇಲ್ಲಿಲ್ಲ ಅಂತ. ಎರರ್ ಬಂತು, ಆದರೂ ಡಿಲೀಟ್ ಐಡೆಂಪೊಟೆಂಟೇ. ಇಲ್ಲದ್ದು ಇಲ್ಲದ್ದಾಗಿಯೇ ಉಳಿಯಿತು, ಅಲ್ವಾ? ಬರುವ ಉತ್ತರ ಬೇರೆ, ಆಗುವ ಪರಿಣಾಮ ಬೇರೆ.

ಬ್ರಹ್ಮಾವರದ ಕಡೆ ನಮ್ಮ ಮನೆಯ ತೋಟದ ಪಂಪಿಗೆ ಹಳೆಯ ಸ್ಟಾರ್ಟರ್ ಇದೆ, ಹಸಿರು ಬಟನ್ ಒಂದು, ಕೆಂಪು ಒಂದು. ಪಂಪ್ ಓಡುತ್ತಿರುವಾಗ ಹಸಿರನ್ನು ಮತ್ತೆ ಹತ್ತು ಸಲ ಒತ್ತಿ, ಓಡುತ್ತಲೇ ಇರುತ್ತದೆ. ಟಿವಿ ರಿಮೋಟಿನ ಪವರ್ ಬಟನ್ ಹಾಗಲ್ಲ. ಎಷ್ಟು ಸಲ ಒತ್ತಿದೆ ಅನ್ನುವ ಲೆಕ್ಕ ತಪ್ಪಿದರೆ ಆನೋ ಆಫೋ ದೇವರಿಗೇ ಗೊತ್ತು. ಸಿಟಿ ಬಸ್ ಕಂಡಕ್ಟರನ ಸೀಟಿಯೂ ಹಾಗೇ. ಒಂದು ಊದಿದರೆ ಬಸ್ ನಿಲ್ಲುತ್ತದೆ, ಎರಡು ಊದಿದರೆ ಹೊರಡುತ್ತದೆ.

ಕನ್ನಡದಲ್ಲಿ ಇದಕ್ಕೆ ಹೊಸ ಪದ ಟಂಕಿಸುವ ಉಮೇದು ನನಗಿಲ್ಲ. ಆದರೆ ವ್ಯತ್ಯಾಸ ಹೇಳುವುದಕ್ಕೆ ಎರಡು ಕ್ರಿಯಾಪದ ಆಗಲೇ ಇವೆ: 'ಹಾಕು' ಮತ್ತು 'ಇರಲಿ'. ಅಮ್ಮ "ಕೊದ್ದೆಲಿಗೆ ಉಪ್ಪು ಹಾಕು" ಅಂತ ನನಗೊಮ್ಮೆ, ತಂಗಿಗೊಮ್ಮೆ ಹೇಳಿ ಹೋದರೆ ಆ ದಿನ ಊಟ ಕಷ್ಟ. "ಉಪ್ಪು ಸರಿಯಾಗಿರಲಿ" ಅಂದಿದ್ದರೆ ತಂಗಿ ರುಚಿ ನೋಡಿ ಸುಮ್ನೆ ಮುಚ್ಚಳ ಮುಚ್ಚುತ್ತಿದ್ದಳು. ಸರ್ವರ್‌ಗಳನ್ನು ಸಜ್ಜು ಮಾಡುವ ಸಾಧನ ಆನ್ಸಿಬಲ್‌ನಲ್ಲಿ 'ಸ್ಟೇಟ್: ಪ್ರೆಸೆಂಟ್' ಅಂತ ಬರೆಯುತ್ತೇವಲ್ಲ, ಅದು 'ಇರಲಿ'. 'ಆಬ್ಸೆಂಟ್' ಅಂದರೆ 'ಇರಬಾರದು'.

ಆದರೆ ಆನ್ಸಿಬಲ್ ಬಳಸಿದೆ, ಇನ್ನು ಚಿಂತೆ ಇಲ್ಲ ಅನ್ನುವವರೂ ಇದ್ದಾರೆ. ಆನ್ಸಿಬಲ್‌ಗೆ ಬರೆದುಕೊಡುವ ಕೆಲಸದ ಪಟ್ಟಿ ಪ್ಲೇಬುಕ್. ಅದೇ ಪ್ಲೇಬುಕ್ಕಿನಲ್ಲಿ, ಕೊಟ್ಟ ಕಮಾಂಡನ್ನು ಹಾಗೇ ಓಡಿಸುವ ಶೆಲ್ ಮಾಡ್ಯೂಲ್ ಒಳಗೆ ಇಪ್ಪತ್ತು ಸಾಲಿನ ಕಮಾಂಡ್ ತುರುಕಿರುತ್ತಾರೆ. ಅದರ ಒಳಗೆ ಏನಾಗುತ್ತದೆ ಅಂತ ಆನ್ಸಿಬಲ್‌ಗೆ ಏನು ಗೊತ್ತು? ಸರ್ವೀಸಿಗೆ 'ಸ್ಟಾರ್ಟೆಡ್' ಅಂದರೆ ಓಡುತ್ತಿರಲಿ ಅಂತ. 'ರೀಸ್ಟಾರ್ಟೆಡ್' ಅಂದರೆ ಪ್ರತಿ ಸಲವೂ ಬೀಳಿಸಿ ಎಬ್ಬಿಸುತ್ತದೆ. ಸ್ಪೆಲ್ಲಿಂಗಿನಲ್ಲಿ ಎರಡೇ ಅಕ್ಷರ ಜಾಸ್ತಿ, ಆದರೆ ಹಗಲು ಹನ್ನೊಂದಕ್ಕೆ ಗಿರಾಕಿಯ ಸೈಟ್ ಕೆಡವುವುದಕ್ಕೆ ಅಷ್ಟು ಸಾಕು. ಸಾಫ್ಟ್‌ವೇರ್ ಹಾಕುವಾಗ ಬರೆಯುವ 'ಲೇಟೆಸ್ಟ್' ಕೂಡ ನಂಬುವಂಥದ್ದಲ್ಲ. ಇವತ್ತಿನ ಲೇಟೆಸ್ಟ್ ಮುಂದಿನ ವಾರದ ಲೇಟೆಸ್ಟ್ ಅಲ್ಲ.

ಸರ್ವರ್‌ಗಳನ್ನೇ ಕಟ್ಟಿಕೊಡುವ ಸಾಧನ ಟೆರಾಫಾರ್ಮ್ ಕಥೆ ಸ್ವಲ್ಪ ಬೇರೆ. ಏನೇನು ಕಟ್ಟಿದ್ದೇನೆ ಅಂತ ಅದು ಸ್ಟೇಟ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಂಗಡಿಯವನ ಸಾಲದ ಪುಸ್ತಕ ಇದ್ದ ಹಾಗೆ. ಪುಸ್ತಕ ಕಳೆಯಿತೋ, ಕಟ್ಟಿದ ಸರ್ವರ್ ಕಣ್ಣೆದುರೇ ಇದ್ದರೂ ಇನ್ನೊಂದು ಕಟ್ಟಲು ಹೊರಡುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಜೂನ್‌ನಲ್ಲಿ ನಾನೇ ಪಾಠ ಕಲಿತಿದ್ದೇನೆ. ಹೊರಗೆ ಜಡಿಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಹೊಸ ಸರ್ವರ್ ಎಬ್ಬಿಸುವ ಸ್ಕ್ರಿಪ್ಟ್ ಓಡಿಸಿದೆ, ಉತ್ತರ ಬರುವ ಮೊದಲೇ ನೆಟ್ ಹೋಯಿತು. ಕೆಲಸ ಆಯಿತೋ ಇಲ್ಲವೋ ತಿಳಿಯಲಿಲ್ಲ. ನೆಟ್ ಬಂದ ಮೇಲೆ ಮತ್ತೆ ಓಡಿಸಿದೆ. ತಿಂಗಳ ಕೊನೆಯ ಬಿಲ್ಲಿನಲ್ಲಿ ಎರಡು ಮಷೀನು. ಒಂದರಲ್ಲಿ ನಾವು ಕೆಲಸ ಮಾಡುತ್ತಿದ್ದೆವು, ಇನ್ನೊಂದು ಸುಮ್ನೆ ಕೂತು ಬಾಡಿಗೆ ತಿನ್ನುತ್ತಿತ್ತು. ಇಂಥದ್ದಕ್ಕೇ ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್‌ನ ಇಸಿ2ನಲ್ಲಿ ಕ್ಲೈಂಟ್ ಟೋಕನ್, ಅಂದರೆ ಕೋರಿಕೆಗೊಂದು ಗುರುತು, ಇಟ್ಟಿದ್ದಾರೆ. ಅದೇ ಟೋಕನ್ ಹಾಕಿ ಅದೇ ಕೋರಿಕೆ ಮತ್ತೆ ಕಳಿಸಿದರೆ ಎರಡನೇ ಮಷೀನು ಹುಟ್ಟುವುದಿಲ್ಲ. ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಅವರದೇ ಸೇವೆ ಎಸ್‌ಕ್ಯೂಎಸ್‌ನ ಸ್ಟ್ಯಾಂಡರ್ಡ್ ಕ್ಯೂ ಒಂದೇ ಸಂದೇಶವನ್ನು ಒಂದಕ್ಕಿಂತ ಹೆಚ್ಚು ಸಲ ಕೊಡಬಹುದು. ಅದನ್ನು ಮುಂಚೆಯೇ ಬರೆದು ಹೇಳಿದ್ದಾರೆ ಕೂಡ. ಒಂದು ಬುಕಿಂಗಿಗೆ ಗಿರಾಕಿಗೆ ಎರಡು ಎಸ್ಸೆಮ್ಮೆಸ್ ಹೋದರೆ ಕ್ಯೂಗೆ ಬೈದು ಪ್ರಯೋಜನ ಇಲ್ಲ.

ನಮ್ಮ ಹುಡುಗ ಮಾರನೇ ದಿನ ಲೈನ್‌ಇನ್‌ಫೈಲ್ ಮಾಡ್ಯೂಲ್ ('ಈ ಸಾಲು ಫೈಲಿನಲ್ಲಿ ಇರಲಿ' ಅನ್ನುವ ಆನ್ಸಿಬಲ್ ತುಣುಕು) ಹಾಕಿ ತಿದ್ದಿಕೊಂಡು ಬಂದ. ಓಡಿಸಿದ, ಎಷ್ಟು ಬದಲಾಯಿತು ಅಂತ ಹೇಳುವ 'ಚೇಂಜ್ಡ್' ಎದುರು ಸೊನ್ನೆ. ಮತ್ತೆ ಓಡಿಸಿದ, ಮತ್ತೆ ಸೊನ್ನೆ. "ಈಗ ಐಡೆಂಪೊಟೆಂಟ್ ಅಲ್ವಾ ಸರ್?" ಹೌದು ಅಂದೆ. ಫೈಲ್ ತೆರೆದು ತೋರಿಸು ಅಂದೆ. ನಿನ್ನೆಯ ಎರಡು ಸಾಲುಗಳು ಹಾಗೇ ಕೂತಿದ್ದವು.